ದೀಪಾವಳಿಗೆ ಅಂಡಮಾನ್ ಟಿಕೆಟ್ ಆಗಿಬಿಟ್ಟಿದೆ, ಬಲೀಂದ್ರನಿಗೆ ಎಂತ ಹೇಳುವುದು?

ಪೆರ್ಲದವ
ಎಲ್ಲರಿಗೂ ನಮಸ್ಕಾರ. ಒಂದು ಫಜೀತಿ ಆಗಿದೆ, ದಾರಿ ಹೇಳಿ.

ಬೆಂಗಳೂರಲ್ಲಿರುವ ನನ್ನ ತಮ್ಮ ಮನೆಯವರಿಗೆಲ್ಲ ಅಂಡಮಾನ್ ಟಿಕೆಟ್ ಮಾಡಿಸಿದ್ದಾನೆ. ಅಪ್ಪ, ಅಮ್ಮ, ಅತ್ತೆ (ಅಪ್ಪನ ತಂಗಿ), ತಮ್ಮ ಮತ್ತು ಅವನ ಹೆಂಡತಿ, ನಾವು ನಾಲ್ವರು. ಒಟ್ಟು ಒಂಬತ್ತು ಜನ. ದೀಪಾವಳಿಗೆ ಆಫೀಸಿಗೆ ರಜೆ ಅಂತ ಸರಿಯಾಗಿ ಅದೇ ವಾರಕ್ಕೆ ಮಾಡಿಸಿದ್ದಾನೆ. ಹಬ್ಬ ಅಂದರೆ ರಜೆ ಅಂತ ಅವನ ಲೆಕ್ಕ. ಹಬ್ಬ ಅಂದರೆ ಮನೆ ಅಂತ ಅಪ್ಪನ ಲೆಕ್ಕ. ಟಿಕೆಟ್ ರದ್ದು ಮಾಡಿದರೆ ದುಡ್ಡು ವಾಪಸ್ ಬರುವುದಿಲ್ಲ.

ಅಪ್ಪನಿಗೆ 74 ವರ್ಷ. ದೀಪಾವಳಿಗೆ ಮನೆ ಬಿಟ್ಟು ಹೋದದ್ದೇ ಇಲ್ಲ. ಬೈಯಲಿಲ್ಲ, ಬೈದಿದ್ದರೆ ವಾಸಿ ಇತ್ತು. ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಒಂದೇ ಮಾತು ಹೇಳಿದರು: "ಬಲೀಂದ್ರ (ಬಲಿ ಚಕ್ರವರ್ತಿ) ವರ್ಷಕ್ಕೊಮ್ಮೆ ಬರುವವ. ಬಂದು ನೋಡುವಾಗ ಬಾಗಿಲಿಗೆ ಬೀಗ ಇದ್ದರೆ ಅವ ಎಂತ ಗ್ರಹಿಸಿಯಾನು?"

ಈಗ ನನ್ನ ಪ್ರಶ್ನೆಗಳು. ದ್ವೀಪದಲ್ಲಿ ಎಣ್ಣೆ ಸ್ನಾನ, ದೀಪ, ಬಲೀಂದ್ರನನ್ನು ಕರೆಯುವುದು, ಇದೆಲ್ಲ ಆಗುವ ಕೆಲಸವಾ? ಅಥವಾ ಸುಮ್ನೆ ಹೋಗಿ, ಬಂದ ಮೇಲೆ ಮನೆಯಲ್ಲಿ ಮಾಡುವುದಾ? ಹಟ್ಟಿಯಲ್ಲಿ ಎರಡು ದನ, ಒಂದು ಕರು ಉಂಟು. ಗೋಪೂಜೆಯ ದಿನ ಅವನ್ನು ಬೇರೆಯವರ ಕೈಗೆ ಬಿಟ್ಟು ಹೋಗುವುದು ಹೇಗೆ?

ಗಡಿಬಿಡಿ ಗಣಪ
ದನಗಳಿಗೂ ಟಿಕೆಟ್ ಮಾಡಿಸಿ 😀

ಕುಂಬಳೆ ಕೋಟೆ
ಬೇಜಾರು ಮಾಡಬೇಡಿ, ನೇರ ಹೇಳುತ್ತೇನೆ. ಹಬ್ಬದ ದಿನ ಮನೆಗೆ ಬೀಗ ಹಾಕುವುದು ಸರಿಯಲ್ಲ. ತಿರುಗಾಟಕ್ಕೆ ವರ್ಷದಲ್ಲಿ ಎಷ್ಟು ದಿನ ಇಲ್ಲ? ನಿಮ್ಮ ತಂದೆಯವರು ಹೇಳಿದ್ದೇ ಸರಿ.

ನೀರ್ಚಾಲು ಅಕ್ಕ
ಕೋಟೆಯವರೇ, ಮಕ್ಕಳು ಅಪ್ಪ ಅಮ್ಮನನ್ನು ಬಿಟ್ಟು ತಾವೇ ತಿರುಗಲು ಹೋಗುವ ಕಾಲ ಇದು. ಇವರು ಅತ್ತೆಯನ್ನೂ ಸೇರಿಸಿ ಕರೆದುಕೊಂಡು ಹೋಗುತ್ತಿದ್ದಾರೆ. ಅದಕ್ಕೊಂದು ಮೆಚ್ಚುಗೆ ಬೇಡ್ವಾ?

ಪೆರ್ಲದವರೇ, ಮನೆಗೆ ಬೀಗ ಹಾಕಬೇಡಿ, ಅಷ್ಟೇ. ದಾಯಾದಿ ಮನೆಯವರೋ ನೆರೆಮನೆಯವರೋ ಯಾರಾದರೂ ಬಂದು ತುಳಸಿಕಟ್ಟೆಯ ಹತ್ತಿರ ಹಾಲೆಮರದ ಕೊಂಬೆ ನೆಟ್ಟು ದೀಪ ಇಟ್ಟು ಕೂ ಹಾಕಿದರೆ ಆಯಿತು. ನಮ್ಮ ಯಜಮಾನರು ಆಸ್ಪತ್ರೆಯಲ್ಲಿದ್ದ ವರ್ಷ ಪಕ್ಕದ ಮನೆಯ ಹುಡುಗರು ಬಂದು ಮಾಡಿಕೊಟ್ಟಿದ್ದರು. ದನಗಳನ್ನೂ ಅವರೇ ನೋಡಿದ್ದು. ಮೈ ತೊಳೆದು, ಕೊಂಬಿಗೆ ಕೆಮ್ಮಣ್ಣು ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಗಟ್ಟಿ (ಅರಿಶಿನ ಎಲೆಯಲ್ಲಿ ಬೇಯಿಸುವ ಅಕ್ಕಿಯ ತಿಂಡಿ) ತಿನ್ನಿಸಿದ್ದರು. ದನಗಳು ನಮ್ಮನ್ನು ಕೇಳಲೇ ಇಲ್ಲ!

ಪಂಚಾಂಗದ ಪುಟ
ಅಂಡಮಾನಿಗೆ ಹೋಗುವವರು ಒಂದು ವಿಷಯ ಮರೆಯುತ್ತಾರೆ. ಅಲ್ಲಿ ಹೊತ್ತು ಬೇರೆ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಗಡಿಯಾರ ಕೇಳುವುದಿಲ್ಲ.

ಕಾಸರಗೋಡು ಇರುವುದು ಸುಮಾರು 75 ಡಿಗ್ರಿ ರೇಖಾಂಶದಲ್ಲಿ, ಪೋರ್ಟ್‌ಬ್ಲೇರ್ ಹೆಚ್ಚುಕಡಿಮೆ 92.7ರಲ್ಲಿ. ಒಂದು ಡಿಗ್ರಿಗೆ 4 ನಿಮಿಷ. ಅಂದರೆ ಅಲ್ಲಿ ಸೂರ್ಯ ನಮಗಿಂತ ಒಂದು ಗಂಟೆ ಹತ್ತು ನಿಮಿಷ ಮೊದಲು ಹುಟ್ಟುತ್ತಾನೆ, ಮೊದಲೇ ಮುಳುಗುತ್ತಾನೆ. ದೀಪಾವಳಿಯ ಹೊತ್ತಿಗೆ ಅಲ್ಲಿ ಬೆಳಿಗ್ಗೆ ಐದು ಕಾಲು ಗಂಟೆಯ ಆಸುಪಾಸಿಗೇ ಸೂರ್ಯೋದಯ. ನರಕ ಚತುರ್ದಶಿಯ ಎಣ್ಣೆ ಸ್ನಾನ ಸೂರ್ಯೋದಯಕ್ಕೆ ಮೊದಲು ಆಗಬೇಕಲ್ಲ? ಊರಿನ ಅಭ್ಯಾಸದಲ್ಲಿ ಐದೂವರೆಗೆ ಎದ್ದರೆ ಬಿಸಿಲಲ್ಲಿ ಎಣ್ಣೆ ಹಚ್ಚಬೇಕಾದೀತು. ನಾಲ್ಕಕ್ಕೆ ಏಳಿ.

ಗಡಿಬಿಡಿ ಗಣಪ
ರಜೆಯಲ್ಲಿ ನಾಲ್ಕಕ್ಕೆ ಏಳುವುದಾ? ನರಕ ಅಂದರೆ ಇದೇ.

ಮಂಜೇಶ್ವರ ಮೈಲ್
ಪಂಚಾಂಗದವರೇ, ಹಾಗಾದರೆ ತಿಥಿಯೂ ಬೇರೆ ಆಗುತ್ತದಾ? ನಾವು ಊರಿನ ಪಂಚಾಂಗ ನೋಡಬೇಕಾ, ಅಲ್ಲಿಯದ್ದಾ? ನಮ್ಮ ಚಿಕ್ಕಮ್ಮ ದುಬೈಯಲ್ಲಿ ಉಡುಪಿಯ ಪಂಚಾಂಗ ನೋಡಿಯೇ ಏಕಾದಶಿ ಮಾಡುವುದು.

ಪಂಚಾಂಗದ ಪುಟ
ತಿಥಿ ಎಲ್ಲ ಕಡೆಯೂ ಒಂದೇ ಕ್ಷಣಕ್ಕೆ ಶುರು, ಒಂದೇ ಕ್ಷಣಕ್ಕೆ ಮುಗಿಯುತ್ತದೆ. ಅದು ಸೂರ್ಯ ಚಂದ್ರರ ನಡುವಿನ ಅಂತರದ ಲೆಕ್ಕ, 12 ಡಿಗ್ರಿಗೆ ಒಂದು ತಿಥಿ. ಬೇರೆಯಾಗುವುದು ಉದಯ, ಅಸ್ತ. ಯಾವ ತಿಥಿ ಯಾವ ದಿನದ ಉದಯಕ್ಕೆ ಸಿಗುತ್ತದೆ ಅನ್ನುವುದು ಊರಿಂದ ಊರಿಗೆ ಬದಲಾಗಬಹುದು. ಹಾಗಾಗಿ ಇರುವ ಊರಿನ ಉದಯ ನೋಡುವುದು ಕ್ರಮ. ನಿಮ್ಮ ಚಿಕ್ಕಮ್ಮನಿಗೆ ಹೇಳಲು ಹೋಗಬೇಡಿ, ಈ ವಯಸ್ಸಿಗೆ ಯಾಕೆ.

ಬೇಕಲದ ಗಾಳಿ
ಅಂಡಮಾನ್ ಯಾಕೆ ಮಾರಾಯ್ರೆ? ಕಡಲಿನ ಆಚೆ ನೋಡಿದರೆ ಲಕ್ಷದ್ವೀಪ. ಇಷ್ಟು ಹತ್ತಿರ ಇರುವುದನ್ನು ಬಿಟ್ಟು ಬಂಗಾಳ ಕೊಲ್ಲಿ ದಾಟಬೇಕಾ?

ಪೆರ್ಲದವ
ತಮ್ಮ ಅದನ್ನೂ ನೋಡಿದ್ದನಂತೆ. ಪರ್ಮಿಟ್ ಬೇಕು, ಒಂಬತ್ತು ಜನರ ಕಾಗದಪತ್ರ ಜೋಡಿಸುವಾಗ ಮುಂದಿನ ದೀಪಾವಳಿ ಬರುತ್ತದೆ ಅಂತ ಬಿಟ್ಟ.

ಮುಳ್ಳೇರಿಯ ಮೇಷ್ಟ್ರು
ಲಕ್ಷದ್ವೀಪದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ. ಈ ಅಮಿನ್‌ದಿವಿ ದ್ವೀಪಗಳು ಒಂದು ಕಾಲದಲ್ಲಿ ನಮ್ಮದೇ ಜಿಲ್ಲೆಯವು ಅಂತ ಇಲ್ಲಿ ಎಷ್ಟು ಜನರಿಗೆ ಗೊತ್ತು? ಅವು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಕವರತ್ತಿ, ಮಿನಿಕಾಯ್ ಕಡೆಯವು ಮಲಬಾರ್ ಜಿಲ್ಲೆಗೆ. ಟಿಪ್ಪುವಿನ ಕೈಯಲ್ಲಿದ್ದ ದ್ವೀಪಗಳು 1799ರ ನಂತರ ಈಸ್ಟ್ ಇಂಡಿಯಾ ಕಂಪೆನಿಗೆ ಹೋದವು, ಕಂಪೆನಿ ಅವನ್ನು ಕೆನರಾಕ್ಕೆ ಜೋಡಿಸಿತು. 1956ರ ನವೆಂಬರ್ 1ಕ್ಕೆ ಅವು ಕೇಂದ್ರಾಡಳಿತಕ್ಕೆ ಹೋದವು. ಅದೇ ದಿನ ನಾವು ಕಾಸರಗೋಡಿನವರು ಕೇರಳಕ್ಕೆ ಬಂದೆವು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳನ್ನು ಒಂದೇ ಮುಹೂರ್ತಕ್ಕೆ ಬೇರೆ ಬೇರೆ ಮನೆಗೆ ಧಾರೆ ಎರೆದ ಹಾಗೆ.

ಅಲ್ಲಿಯವರು ಕೊಬ್ಬರಿ, ನಾರಿನ ಹಗ್ಗ ತುಂಬಿದ ಹಾಯಿದೋಣಿ ತಂದು ಮಂಗಳೂರು ಬಂದರಿನಲ್ಲಿ ಮಾರಿ ಅಕ್ಕಿ ಒಯ್ಯುತ್ತಿದ್ದರು. ಈಗಲೂ ಹಳೆ ಬಂದರಿನಿಂದ ಅಲ್ಲಿಗೆ ಸಾಮಾನು ಹೋಗುತ್ತದೆ.

ಕುಂಬಳೆ ಕೋಟೆ
ಮೇಷ್ಟ್ರೇ, ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ತವರುಮನೆಯ ಭಾಷೆ ಈಗಲೂ ಉಂಟು ಅನ್ನುವುದನ್ನೂ ಬರೆಯಿರಿ.

ಅಡೂರು ಅಡಿಕೆ
ಶುರುವಾಯಿತು. ಪ್ರಶ್ನೆ ದೀಪಾವಳಿಯದ್ದು, ನೀವು ಗಡಿ ವಿವಾದಕ್ಕೆ ಹೋಗಬೇಡಿ.

ವರ್ಕಾಡಿಯವಳು
ಸಾಮಾನಿನ ವಿಷಯ ನಾನು ಹೇಳುತ್ತೇನೆ. ನಾವು ಎರಡು ವರ್ಷದ ಹಿಂದೆ ಅಂಡಮಾನಿಗೆ ಹೋಗಿ ಬಂದವರು, ಹಬ್ಬಕ್ಕಲ್ಲ.

ವಿಮಾನದಲ್ಲಿ ಪಟಾಕಿ, ನಕ್ಷತ್ರಕಡ್ಡಿ ಕೂಡ ಬಿಡುವುದಿಲ್ಲ. ಬೆಂಕಿಪೊಟ್ಟಣ ಇಲ್ಲ. ಕರ್ಪೂರ ತೆಗೆದಿಡುತ್ತಾರೆ, ಅತ್ತೆಯವರ ಪೂಜೆಚೀಲದಿಂದ ನಮ್ಮದನ್ನು ತೆಗೆದಿಟ್ಟರು. ಒಣ ಕೊಬ್ಬರಿಯನ್ನೂ ಲಗೇಜಿಗೆ ಹಾಕಬೇಡಿ, ಅದರ ಎಣ್ಣೆಯಂಶ ಬೆಂಕಿಗೆ ಅಪಾಯ ಅಂತ ತಡೆಯುತ್ತಾರೆ. ತೆಂಗಿನಕಾಯಿ ಒಯ್ಯುವುದಂತೂ ಬೇಡವೇ ಬೇಡ. ಅಲ್ಲಿ ತೆಂಗಿನ ಮರ ನೋಡಿ ನೋಡಿ ಸಾಕಾಗುತ್ತದೆ. ಹಣತೆ, ಬತ್ತಿ, ಅರಿಶಿನ ಕುಂಕುಮ, ಸೀಗೆಪುಡಿ ಒಯ್ಯಿರಿ. ಎಣ್ಣೆ ಅಲ್ಲೇ ಅಂಗಡಿಯಲ್ಲಿ ಸಿಗುತ್ತದೆ.

ಕಡಲತೀರದಲ್ಲಿ ದೀಪ ಸಾಲಾಗಿ ಇಟ್ಟು ಫೋಟೋ ತೆಗೆಯುವ ಆಸೆ ಮನೆಯಲ್ಲಿ ಯಾರಿಗಾದರೂ ಇದ್ದರೆ ಈಗಲೇ ಹೇಳಿ ಬಿಡಿಸಿ. ಆ ದ್ವೀಪಗಳಲ್ಲಿ ನಾಲ್ಕು ಜಾತಿಯ ಕಡಲಾಮೆಗಳು ಮೊಟ್ಟೆ ಇಡಲು ದಡಕ್ಕೆ ಬರುತ್ತವೆ. ಮರಿಗಳು ಬೆಳಕು ಕಂಡ ಕಡೆಗೆ ಹೋಗುತ್ತವೆ, ಕಡಲು ಬಿಟ್ಟು ನಿಮ್ಮ ದೀಪದ ಕಡೆ. ಹ್ಯಾವ್‌ಲಾಕಿನ ರಾಧಾನಗರ ತೀರದಲ್ಲಿ ನಾವಿದ್ದಾಗ ಸೂರ್ಯ ಮುಳುಗಿದ್ದೇ ಸೀಟಿ ಊದಿ ಎಲ್ಲರನ್ನೂ ಮೇಲೆ ಕಳಿಸಿದರು.

ಗಡಿಬಿಡಿ ಗಣಪ
ಅಲ್ಲಿ ಮೊಸಳೆ ಉಂಟಂತೆ ಹೌದಾ?

ವರ್ಕಾಡಿಯವಳು
ಉಂಟು, ಉಪ್ಪುನೀರಿನ ಮೊಸಳೆ. ಫಲಕ ಹಾಕಿದ ಕಡೆ ಇಳಿಯಬೇಡಿ. ಅಷ್ಟೇ.

ಪೆರ್ಲದವ
ಅಕ್ಕ, ತುಂಬ ಉಪಕಾರ. ನಮ್ಮ ಕಾರ್ಯಕ್ರಮ ಹೀಗೆ: ಚತುರ್ದಶಿ ಹ್ಯಾವ್‌ಲಾಕಿನಲ್ಲಿ, ಅಮಾವಾಸ್ಯೆ ನೀಲ್ ದ್ವೀಪದಲ್ಲಿ, ಪಾಡ್ಯದ ದಿನ ಬೆಳಿಗ್ಗೆ ಹಡಗಲ್ಲಿ ಪೋರ್ಟ್‌ಬ್ಲೇರಿಗೆ ವಾಪಸ್.

ಮುಳ್ಳೇರಿಯ ಮೇಷ್ಟ್ರು
ಹೆಸರು ಬದಲಾಗಿದೆ. ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ, ಇದು 2018ರಿಂದ. ಪೋರ್ಟ್‌ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು.

ಅದಕ್ಕಿಂತ ಮಜಾ ಇರುವುದು ಊರುಗಳ ಹೆಸರಲ್ಲಿ. ಹ್ಯಾವ್‌ಲಾಕಿನ ಹಳ್ಳಿಗಳು ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ. ನೀಲ್‌ನಲ್ಲಿ ರಾಮನಗರ, ಸೀತಾಪುರ, ಭರತ್‌ಪುರ, ಲಕ್ಷ್ಮಣ್‌ಪುರ. ನೀವು ಗೊತ್ತಿಲ್ಲದೆಯೇ ನರಕಾಸುರನನ್ನು ಕೊಂದವನ ಊರಲ್ಲಿ ಚತುರ್ದಶಿ, ರಾಮನ ಮನೆಯವರ ಊರಲ್ಲಿ ಅಮಾವಾಸ್ಯೆ ಇಟ್ಟುಕೊಂಡಿದ್ದೀರಿ. ತಮ್ಮನಿಗೆ ಬೈಯಬೇಡಿ.

ದೇಶ ಹೋಳಾದ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರನ್ನು ಅಲ್ಲಿ ನೆಲೆಗೊಳಿಸಿದರು. ಈಗಲೂ ಆ ಎರಡು ದ್ವೀಪಗಳಲ್ಲಿ ಹೆಚ್ಚಿನವರು ಬಂಗಾಳಿಗಳು.

ಮಂಜೇಶ್ವರ ಮೈಲ್
ಹಾಗಾದರೆ ಅಮಾವಾಸ್ಯೆ ರಾತ್ರಿ ಕಾಳಿಪೂಜೆ ಇರುತ್ತದೆ. ಬಂಗಾಳಿಗಳಿಗೆ ನಮ್ಮ ಹಾಗೆ ಲಕ್ಷ್ಮೀಪೂಜೆ ಅಲ್ಲ ಆ ದಿನ. ಪೆಂಡಾಲ್ ಹಾಕಿ, ಢಾಕ್ ಅನ್ನುವ ಡೋಲು ಬಡಿದು ಮಧ್ಯರಾತ್ರಿವರೆಗೆ ಮಾಡುತ್ತಾರೆ. ನೋಡುವ ಹಾಗೆ ಇರುತ್ತದೆ.

ಬೇಕಲದ ಗಾಳಿ
ಮಲಯಾಳ ಬರುತ್ತದಲ್ಲ ನಿಮಗೆ? ದಕ್ಷಿಣ ಅಂಡಮಾನಿನಲ್ಲಿ ಕ್ಯಾಲಿಕಟ್, ವಂಡೂರ್, ತಿರೂರ್, ಮಂಜೇರಿ ಅಂತ ಊರುಗಳೇ ಇವೆ. 1921ರ ಮಲಬಾರ್ ದಂಗೆಯ ಕೈದಿಗಳನ್ನು ಅಲ್ಲಿಗೆ ಸಾಗಿಸಿದ್ದರು. ಅವರು ತಮ್ಮ ಊರುಗಳ ಹೆಸರು ಇಟ್ಟುಕೊಂಡರು. ಆಟೋದವನ ಹತ್ತಿರ ಮಲಯಾಳ ಮಾತಾಡಿದರೆ ನನಗೆ ಹತ್ತು ರೂಪಾಯಿ ಕಮ್ಮಿ ಮಾಡಿದ್ದ.

ಹೊಸೂರಿನ ಗೀರು
ನಾನು ಹೊಸೂರಿನವಳು. ನಮ್ಮ ಕಡೆ ಬಲೀಂದ್ರನನ್ನು ಕರೆಯುವುದು ಅಂತ ನೋಡಿಲ್ಲ. ಇದು ಏನು ಅಂತ ಯಾರಾದರೂ ಬಿಡಿಸಿ ಹೇಳ್ತೀರಾ? ನಮಗೆ ದೀಪಾವಳಿ ಅಂದ್ರೆ ಗಂಗಾಸ್ನಾನ, ಹೊಸ ಬಟ್ಟೆ, ಕಜ್ಜಾಯ, ಪಟಾಕಿ. ಅಷ್ಟರಲ್ಲಿ ಮುಗೀತು.

ಅಕ್ಕಲಕೋಟೆ ಅಣ್ಣ
ನಮ್ಮ ಕಡೆ ಪಾಡ್ಯದ ದಿನ ಸಗಣಿಯಿಂದ ಪಾಂಡವರನ್ನ ಮಾಡಿ ಬಾಗಿಲ ಮುಂದ ಇಡ್ತೀವ್ರಿ. ಬಲಿರಾಜನ್ನ ಕೂಗಿ ಕರಿಯೋದು ನಾನೂ ಕೇಳಿಲ್ಲ. ಹೇಳ್ರಿ.

ನೀರ್ಚಾಲು ಅಕ್ಕ
ಹೇಳುತ್ತೇನೆ. ಹಾಲೆಮರದ ಕೊಂಬೆ ತಂದು ಅಂಗಳದಲ್ಲಿ ನೆಡುತ್ತಾರೆ. ಕಾಡುಹೂ, ಚೆಂಡುಹೂ ಕಟ್ಟಿ ಸಿಂಗಾರ ಮಾಡುತ್ತಾರೆ. ಅದರ ಮೇಲೆ ದೀಪ. ಮುಸ್ಸಂಜೆಗೆ ಮನೆಯ ಯಜಮಾನ ಅಕ್ಕಿ, ಹೂ, ಅವಲಕ್ಕಿ ಬಡಿಸಿ ಮೂರು ಸಲ ಜೋರಾಗಿ ಬಲೀಂದ್ರನನ್ನು ಕರೆದು ಕೂ ಹಾಕುವುದು. ಆಮೇಲೆ ಗದ್ದೆಗೆ, ಹಟ್ಟಿಗೆ, ಗೊಬ್ಬರದ ಗುಂಡಿಗೆ ಕೂಡ ದೀಪ. ಒಂದು ಮನೆಯ ಕೂ ಕೇಳಿ ಆಚೆ ಗುಡ್ಡದ ಮನೆಯವರು ಕೂ ಹಾಕುತ್ತಾರೆ.

ಕಥೆ ಹೀಗೆ. ವಾಮನ ಬಲಿಯ ಭೂಮಿ ತೆಗೆದುಕೊಂಡನಲ್ಲ, ಆಗ ಬಲಿ ಕೇಳಿದನಂತೆ, ನನ್ನ ರಾಜ್ಯ ಯಾವಾಗ ವಾಪಸ್ ಅಂತ. ಅದಕ್ಕೆ ಉತ್ತರ: ಉಪ್ಪು ಕರ್ಪೂರ ಆಗುವಾಗ, ಉದ್ದು ಮದ್ದಳೆ ಆಗುವಾಗ, ಬೆಣಚುಕಲ್ಲು ಹೂ ಬಿಡುವಾಗ. ಅಂದರೆ ಯಾವತ್ತೂ ಇಲ್ಲ. ಅಲ್ಲಿಯವರೆಗೆ ವರ್ಷಕ್ಕೊಮ್ಮೆ ಬಂದು ನೋಡಿಕೊಂಡು ಹೋಗು ಅಂತ. ತುಳುವಿನಲ್ಲಿ ಇದನ್ನು ಹಾಡಿ ಹೇಳುವಾಗ ನಮ್ಮ ಅಜ್ಜಿಗೆ ಪ್ರತಿ ವರ್ಷ ಕಣ್ಣಲ್ಲಿ ನೀರು ಬರುತ್ತಿತ್ತು. ಭೂಮಿ ಹೋದ ಮನೆಯವರಿಗೆ ಅದು ಬರೇ ಕಥೆ ಅಲ್ಲ.

ಬೇಕಲದ ಗಾಳಿ
ನಮ್ಮ ಕೀಳೂರು ಕಡೆ ಇದೇ ಹಬ್ಬಕ್ಕೆ ಪೊಲಿಯಂದ್ರ ಅನ್ನುತ್ತಾರೆ. ಮಲಯಾಳ ಮಾತಾಡುವ ಮನೆಗಳಲ್ಲೂ ಹಾಲೆ ಕೊಂಬೆ ನೆಟ್ಟು ಕೂಗಿ ಕರೆಯುತ್ತಾರೆ. ಭಾಷೆ ಬೇರೆ, ಬರುವ ರಾಜ ಒಬ್ಬನೇ.

ಗಡಿಬಿಡಿ ಗಣಪ
ಓಣಂಗೂ ಅವನೇ ಬರುವುದಲ್ವಾ? ಅಂದರೆ ಕಾಸರಗೋಡಿಗೆ ಬಲಿ ವರ್ಷಕ್ಕೆ ಎರಡು ಸಲ. ಹಾಗಾದರೆ ಪೆರ್ಲದವರು ಒಂದು ಸಲ ತಪ್ಪಿಸಿದರೆ ತೊಂದರೆ ಇಲ್ಲ.

ಕುಂಬಳೆ ಕೋಟೆ
ಓಣಂಗೆ ಬರುವ ಬಲಿಗೆ ಹಬ್ಬದೂಟ, ಪಾಯಸ ಸಿಗುತ್ತದೆ. ನಮ್ಮವನಿಗೆ ಅವಲಕ್ಕಿ. ಅವನು ಎರಡನೇ ಸಲ ಯಾಕೆ ಬರುತ್ತಾನೋ!

ವರ್ಕಾಡಿಯವಳು
ವಿಷಯ ಎಲ್ಲಿಗೋ ಹೋಯಿತು, ನಾನೂ ಸೇರುತ್ತೇನೆ. ಇಂಡೋನೇಷ್ಯಾದ ಬಾಲಿಯಲ್ಲಿ ಗಾಲುಂಗಾನ್ ಹಬ್ಬ ನೋಡಿದೆ. 210 ದಿನಕ್ಕೊಮ್ಮೆ ಬರುತ್ತದೆ, ಅವರ ಪಂಚಾಂಗ ಬೇರೆ. ಪ್ರತಿ ಮನೆಯ ಮುಂದೆ ಉದ್ದ ಬಿದಿರು, ತುದಿ ಬಾಗಿ ದಾರಿಯ ಮೇಲೆ ತೂಗುತ್ತಾ ಇರುತ್ತದೆ. ತೆಂಗಿನ ಎಳೆಗರಿ, ಭತ್ತದ ತೆನೆ, ಹಣ್ಣು ಕಟ್ಟಿರುತ್ತಾರೆ. ಪೆಂಜೋರ್ ಅನ್ನುತ್ತಾರೆ. ಹಿರಿಯರ ಆತ್ಮಗಳು ಮನೆಗೆ ಬಂದು ಹೋಗುವ ದಿನಗಳಂತೆ. ನನಗೆ ಅಂಗಳದ ಬಲೀಂದ್ರನೇ ನೆನಪಾದ.

ಅಡೂರು ಅಡಿಕೆ
ಬಾಲಿ ಅಂದರೆ ಬಲಿ ಚಕ್ರವರ್ತಿಯ ದ್ವೀಪವೇ ಇರಬೇಕು! ಅವನನ್ನು ತುಳಿದದ್ದು ಅಲ್ಲಿಗೆ!

ಮುಳ್ಳೇರಿಯ ಮೇಷ್ಟ್ರು
ಹೆಸರು ಒಂದೇ ಥರ ಕೇಳಿಸಿತು ಅಂತ ಸಂಬಂಧ ಕಟ್ಟಬೇಡಿ. ಹಾಗೆ ನೋಡಿದರೆ ಪೆರ್ಲದವರು ಪೆರುವಿನವರು.

ಮಂಜೇಶ್ವರ ಮೈಲ್
ಬಾಲಿಗೆ ಹೋಗುವವರು ಮಾರ್ಚ್ ಆಸುಪಾಸಿಗೆ ಬರುವ ನ್ಯೆಪಿ ದಿನ ನೋಡಿಕೊಳ್ಳಿ. ಆ ದಿನ ಪೂರ್ತಿ ಮೌನ, ದೀಪ ಹಚ್ಚುವ ಹಾಗಿಲ್ಲ, ವಿಮಾನ ನಿಲ್ದಾಣವೇ 24 ಗಂಟೆ ಬಂದ್. ಮಾಲ್ಡೀವ್ಸಿಗೆ ಹೋಗುವವರು ಪೂಜೆಯ ವಿಗ್ರಹ ಒಯ್ಯಬೇಡಿ, ಅಲ್ಲಿಯ ಕಸ್ಟಮ್ಸ್ ನಿಯಮದಲ್ಲಿ ಅದಕ್ಕೆ ನಿಷೇಧ ಉಂಟು. ಮಾರಿಷಸ್ ಮಾತ್ರ ನೆಮ್ಮದಿ. ದೀಪಾವಳಿಗೆ ಸರ್ಕಾರಿ ರಜೆ, ಶಿವರಾತ್ರಿಗೆ ಗಂಗಾ ತಲಾವ್ ಅಂತ ಕೆರೆಗೆ ಜನ ನಡೆದುಕೊಂಡು ಹೋಗುತ್ತಾರೆ.

ನೀರ್ಚಾಲು ಅಕ್ಕ
ಪೆರ್ಲದವರೇ, ಕೊನೆಗೆ ಎಂತ ತೀರ್ಮಾನ?

ಪೆರ್ಲದವ
ಹೋಗುವುದು ಅಂತ ಆಯಿತು ಅಕ್ಕ. ಚಿಕ್ಕಪ್ಪನ ಮಗ ಐದು ದಿನ ನಮ್ಮ ಮನೆಯಲ್ಲೇ ಉಳಿಯುತ್ತಾನೆ. ಅಪ್ಪ ಅವನಿಗೆ ದನಗಳ ಬಗ್ಗೆ ಹೇಳಿದ್ದನ್ನು ಬರೆದರೆ ಎರಡು ಪುಟ ಆದೀತು. ಕೆಂಪಿ ಬಲಗಡೆಯಿಂದ ಹೋದರೆ ಒದೆಯುತ್ತದೆ, ಇತ್ಯಾದಿ.

ಪಂಚಾಂಗದವರ ಲೆಕ್ಕ ಅಪ್ಪನಿಗೆ ಓದಿ ಹೇಳಿದೆ. "ಹಾಗಾದರೆ ಬಲೀಂದ್ರ ಅಲ್ಲಿಗೆ ಮೊದಲು ಬಂದು ಆಮೇಲೆ ಇಲ್ಲಿಗೆ ಬರುತ್ತಾನಾ?" ಅಂತ ಕೇಳಿದರು. ಅದೇ ದಿನ ರಾತ್ರಿ ಚೀಲಕ್ಕೆ ಹಣತೆ ಹಾಕಿಕೊಂಡರು.

ಕುಂಬಳೆ ಕೋಟೆ
ಸರಿ, ಒಳ್ಳೆಯದಾಗಲಿ. ಆದರೆ ಅಕ್ಟೋಬರ್, ನವೆಂಬರ್‌ನಲ್ಲಿ ಆ ಕಡೆ ಹಿಂಗಾರು ಮಳೆ, ಗಾಳಿ. ಹಡಗು ಹೇಳಿದ ಹೊತ್ತಿಗೆ ಹೋಗುತ್ತದೆ ಅಂತ ನಂಬಬೇಡಿ. ವಾಪಸ್ ವಿಮಾನಕ್ಕೆ ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳಿ.

ಪೆರ್ಲದವ
(ಹದಿನೆಂಟು ದಿನದ ನಂತರ)

ಬಂದು ಮುಟ್ಟಿದೆವು. ವರದಿ ಒಪ್ಪಿಸುತ್ತೇನೆ, ಉದ್ದ ಆಗುತ್ತದೆ.

ಚತುರ್ದಶಿಯ ಬೆಳಿಗ್ಗೆ ಹ್ಯಾವ್‌ಲಾಕಿನಲ್ಲಿ ನಾಲ್ಕಕ್ಕೆ ಎದ್ದೆವು. ಹಿಂದಿನ ರಾತ್ರಿ ನೀರು ತುಂಬುವ ಶಾಸ್ತ್ರಕ್ಕೆ ಹಂಡೆ ಎಲ್ಲಿಂದ ಬರಬೇಕು? ಅತ್ತೆ ಬಾತ್‌ರೂಮಿನ ಪ್ಲಾಸ್ಟಿಕ್ ಬಕೆಟನ್ನೇ ತೊಳೆದು, ಊರಿಂದ ತಂದ ಹಿಂಡ್ಲೆಕಾಯಿ ಬಳ್ಳಿ ಅದರ ಕುತ್ತಿಗೆಗೆ ಸುತ್ತಿ, ಸುಣ್ಣದ ಬೊಟ್ಟು ಇಟ್ಟರು. ನೀಲಿ ಬಕೆಟಿಗೆ ಬಿಳಿ ಬೊಟ್ಟು. ಗೀಸರ್ ನೀರು ಇಬ್ಬರಿಗೆ ಸಾಕಾಗಿ ಮೂರನೆಯವನಿಗೆ ತಣ್ಣಗಾಯಿತು, ಆ ಮೂರನೆಯವ ನಾನೇ. ಅತ್ತೆ ಎಲ್ಲರ ನೆತ್ತಿಗೂ ಎಣ್ಣೆ ಒತ್ತಿದರು, ಟಿಕೆಟ್ ಮಾಡಿಸಿದ ತಮ್ಮನಿಗೆ ಸ್ವಲ್ಪ ಜಾಸ್ತಿ ಜೋರಾಗಿ. ಆಮೇಲೆ ದೇವರ ಫೋಟೋಕ್ಕೆ ಊದುಬತ್ತಿ ಹಚ್ಚಿದ್ದೇ ಕೋಣೆಯ ಹೊಗೆ ಅಲಾರಂ ಕಿರುಚಿಕೊಂಡಿತು. ನಾಲ್ಕು ಮುಕ್ಕಾಲು ಗಂಟೆಗೆ ಇಡೀ ಸಾಲಿನವರು ಹೊರಗೆ ಬಂದರು. ನಾವು ತಲೆಗೆ ಎಣ್ಣೆ ಸುರಿಯುತ್ತಾ ಬೈರಾಸಿನಲ್ಲಿ ನಿಂತಿದ್ದೆವು. ಅಷ್ಟರಲ್ಲಿ ಬೆಳಕು ಹರಿಯಿತು, ಪಂಚಾಂಗದವರು ಹೇಳಿದ ಹಾಗೆಯೇ.

ಅಮಾವಾಸ್ಯೆಯ ದಿನ ನೀಲ್‌ನಲ್ಲಿ ಕಾಳಿಪೂಜೆ ನೋಡಿದೆವು. ನಾವು ಉಳಿದದ್ದು ಒಂದು ಬಂಗಾಳಿ ಕುಟುಂಬದ ಮನೆಯಲ್ಲಿ, ಹಿಂದೆ ಎರಡು ಕೋಣೆ ಕಟ್ಟಿ ಬಾಡಿಗೆಗೆ ಕೊಡುತ್ತಾರೆ. ಮರುದಿನ ಬೆಳಿಗ್ಗೆ ಗಾಳಿ ಮಳೆ. ಹಡಗು ರದ್ದು. ಹಡಗಿನವರು ಹೇಳಿದ್ದು ಒಂಬತ್ತಕ್ಕೆ, ಅದೂ ನಾವು ಜೆಟ್ಟಿಯಲ್ಲಿ ಒದ್ದೆಯಾಗಿ ಎರಡು ಗಂಟೆ ನಿಂತ ಮೇಲೆ. ಕೋಟೆಯವರೇ, ನೀವು ಹೇಳಿದ್ದು ಕೇಳಿ ಒಂದು ದಿನ ಕೈಯಲ್ಲಿ ಇಟ್ಟುಕೊಂಡಿದ್ದೆವು, ಬದುಕಿದೆವು.

ಹಾಗಾಗಿ ಪಾಡ್ಯಕ್ಕೆ ಪುನಃ ಅದೇ ಮನೆಗೆ. ಅಪ್ಪನ ಮುಖ ಬಾಡಿತ್ತು. ಆದರೆ ಆ ಮನೆಯ ಹಿತ್ತಲಿಗೆ ಹೋದವರು ಅರ್ಧ ಗಂಟೆ ಬರಲಿಲ್ಲ. ನೋಡಿದರೆ ಅಲ್ಲಿ ಅಡಿಕೆ ಮರಗಳು! ಮನೆಯ ಯಜಮಾನನಿಗೆ ಕನ್ನಡ ಬಾರದು, ಅಪ್ಪನಿಗೆ ಹಿಂದಿ ಬಾರದು. ಇಬ್ಬರೂ ಒಂದು ಅಡಿಕೆ ಒಡೆದು ಒಳಗೆ ನೋಡುತ್ತಾ ಕೂತಿದ್ದರು. ಹಟ್ಟಿಯಲ್ಲಿ ಒಂದು ಹಸುವೂ ಇತ್ತು. ಅಮ್ಮ, ಅತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರು. ಆ ಮನೆಯ ದೀದಿ ತಾನೂ ಶಂಖ ತಂದು ಊದಿದಳು.

ಮಧ್ಯಾಹ್ನ ಮೇಲೆ ಮಳೆ ಬಿಟ್ಟಿತು. ಅಮಾವಾಸ್ಯೆಯ ಆಸುಪಾಸಿಗೆ ಇಳಿತ ಜಾಸ್ತಿ, ನೀರು ದೂರ ಹೋಗಿರುತ್ತದೆ, ಈಗಲೇ ಹೋಗಿ ನೋಡಿ ಅಂತ ಯಜಮಾನ ಲಕ್ಷ್ಮಣ್‌ಪುರದ ಕಲ್ಲಿನ ಕಮಾನಿನ ಹತ್ತಿರ ಕರೆದುಕೊಂಡು ಹೋದ. ಅಲ್ಲಿಯವರು ಅದನ್ನು ಹೌರಾ ಸೇತುವೆ ಅನ್ನುತ್ತಾರೆ. ನೀರು ಇಳಿದ ಬಂಡೆಗಳ ನಡುವೆ ಮೊಣಕಾಲುದ್ದದ ಗುಂಡಿಗಳು. ಒಳಗೆ ಹವಳ. ಕಂದು, ನೇರಳೆ, ತುದಿಯಲ್ಲಿ ತಿಳಿನೀಲಿ. ಅಪ್ಪ ಪಂಚೆ ಎತ್ತಿ ಕಟ್ಟಿ, ಒಂದು ಗುಂಡಿಯ ಮೇಲೆ ಬಗ್ಗಿ ತುಂಬ ಹೊತ್ತು ನೋಡಿದರು. ಮತ್ತೆ ಅತ್ತೆಯನ್ನು ಕರೆದರು. "ಇಲ್ಲಿ ನೋಡು, ಕಲ್ಲು ಹೂ ಬಿಟ್ಟಿದೆ."

ಅತ್ತೆ ನೋಡಿದರು. "ಹಾಗಾದರೆ ಅವನ ರಾಜ್ಯ ವಾಪಸ್ ಕೊಡುವ ಹೊತ್ತಾಯಿತಲ್ಲ ಅಣ್ಣ?"

ಐದು ಕಾಲಿಗೆ ಕತ್ತಲು. ಹಾಲೆ ಕೊಂಬೆ ಸಿಗಲಿಲ್ಲ. ಬಾಳೆದಂಡು ನೆಟ್ಟು ಅಡಿಕೆಯ ಸಿಂಗಾರ (ಹೂಗೊಂಚಲು) ಸಿಕ್ಕಿಸಿ, ಹಣತೆ ಇಟ್ಟು ಅಪ್ಪ ಮೂರು ಸಲ ಕೂ ಹಾಕಿದರು. ಗುಡ್ಡ ಇಲ್ಲ, ಪ್ರತಿಧ್ವನಿ ಬರಲಿಲ್ಲ. ಆದರೆ ಪಕ್ಕದ ಮನೆಯ ಹುಡುಗ ಎಂತಕ್ಕೆ ಅಂತ ಗೊತ್ತಿಲ್ಲದೆಯೇ ವಾಪಸ್ ಕೂ ಅಂದ. ಒಂದೂವರೆ ಗಂಟೆ ಕಳೆದು ಊರಿನಿಂದ ವಿಡಿಯೋ ಕರೆ ಬಂತು. ಚಿಕ್ಕಪ್ಪನ ಮಗ ಅಂಗಳದಲ್ಲಿ ನಿಂತಿದ್ದ, ಹಿಂದೆ ನಮ್ಮ ಬಲೀಂದ್ರ. ಅಪ್ಪ ಫೋನಿಗೆ ಇನ್ನೊಮ್ಮೆ ಕೂ ಹಾಕಿದರು. ಹಟ್ಟಿಯಿಂದ ಕೆಂಪಿ ಅಂಬಾ ಅಂದದ್ದು ಇಲ್ಲಿ ಎಲ್ಲರಿಗೂ ಕೇಳಿಸಿತು.

ನೀರ್ಚಾಲು ಅಕ್ಕ
ಓದಿ ಸುಮ್ಮನೆ ಕೂತಿದ್ದೇನೆ. ಅಜ್ಜಿ ಇದ್ದಿದ್ದರೆ ಈ ಕಲ್ಲಿನ ವಿಷಯ ಹೇಳುತ್ತಿದ್ದೆ.

ಮುಳ್ಳೇರಿಯ ಮೇಷ್ಟ್ರು
ತುಂಬ ಚೆನ್ನಾಗಿದೆ. ಒಂದು ಚಿಕ್ಕ ತಿದ್ದುಪಡಿ: ಹವಳ ಕಲ್ಲಲ್ಲ, ಪ್ರಾಣಿ. ಸಣ್ಣ ಸಣ್ಣ ಜೀವಿಗಳು ಒಟ್ಟಾಗಿ ಸುಣ್ಣದ ಗೂಡು ಕಟ್ಟುತ್ತವೆ. ಬಣ್ಣ ಹೆಚ್ಚಾಗಿ ಅವುಗಳ ಮೈಯೊಳಗಿನ ಪಾಚಿಯದ್ದು.

ಗಡಿಬಿಡಿ ಗಣಪ
ಮೇಷ್ಟ್ರೇ, ಒಂದು ದಿನ ಸುಮ್ನಿರಿ.

ಮಂಜೇಶ್ವರ ಮೈಲ್
ನೀಲ್‌ನಿಂದ ವಿಡಿಯೋ ಕರೆ ಹೋಯಿತಾ! ನಾವು ಹೋದಾಗ ಮಿಸ್ಡ್ ಕಾಲ್ ಕೂಡ ಹೋಗುತ್ತಿರಲಿಲ್ಲ. 2020ರಲ್ಲಿ ಚೆನ್ನೈಯಿಂದ ಕಡಲಡಿ ಕೇಬಲ್ ಎಳೆದ ಮೇಲೆ ಸುಧಾರಿಸಿದೆ ಅಂತ ಕಾಣುತ್ತದೆ.

ವರ್ಕಾಡಿಯವಳು
ಹವಳದ ತುಂಡು, ಚಿಪ್ಪು ಏನೂ ತರಲಿಲ್ಲ ತಾನೆ? ಅಲ್ಲಿಂದ ತರುವ ಹಾಗಿಲ್ಲ.

ಪೆರ್ಲದವ
ಇಲ್ಲ ಅಕ್ಕ. ಮಗಳು ಒಂದು ಚಿಪ್ಪು ಕಿಸೆಗೆ ಹಾಕಿದ್ದಳು, ಅಪ್ಪನೇ ವಾಪಸ್ ಹಾಕಿಸಿದರು. ಅದು ಬಲೀಂದ್ರನದ್ದು ಅಂತ ಹೇಳಿದರು, ಅವಳು ನಂಬಿದ್ದಾಳೆ.

ಅಡೂರು ಅಡಿಕೆ
ಅದೆಲ್ಲ ಇರಲಿ, ಅಲ್ಲಿ ಅಡಿಕೆಗೆ ಕೊಳೆರೋಗ ಉಂಟಾ? ಮದ್ದು ಬಿಡುತ್ತಾರಾ?

ಪೆರ್ಲದವ
ಅಪ್ಪನೂ ಅದನ್ನೇ ಕೇಳಿದ್ದು. ಕೈಸನ್ನೆಯಲ್ಲಿ ಕೇಳಿದ್ದರಿಂದ ಉತ್ತರ ಅರ್ಥ ಆಗಲಿಲ್ಲ.

ಈಗ ನನಗೊಂದು ಸಹಾಯ ಬೇಕು. ಗಟ್ಟಿ ಮಾಡುವ ಕ್ರಮ ಬರೆದು ಕಳಿಸುತ್ತೇನೆ ಅಂತ ಅತ್ತೆ ಆ ದೀದಿಗೆ ಮಾತು ಕೊಟ್ಟು ಬಂದಿದ್ದಾರೆ. ಅರಿಶಿನ ಎಲೆಗೆ ಹಿಂದಿಯಲ್ಲಿ ಎಂತ ಹೇಳುವುದು?

ಮಂಜೇಶ್ವರ ಮೈಲ್
ಹಲ್ದಿ ಕಾ ಪತ್ತಾ. ಆದರೆ ಅವರು ಬಂಗಾಳಿ ಅಲ್ವಾ? ಹೊಲುದ್ ಪಾತಾ ಅಂತ ಬರೆಯಿರಿ.

ನೀರ್ಚಾಲು ಅಕ್ಕ
ಸೌತೆಕಾಯಿ ತುರಿದ ನೀರು ಚೆಲ್ಲಬಾರದು ಅಂತಲೂ ಬರೆಯಿರಿ. ಅಕ್ಕಿ ಅದರಲ್ಲೇ ಕಡೆಯಬೇಕು.